ಬೋರಕ್ಕನ ಕಾಯಿ ತುರಿಯೋ ಮಿಷನ್ನು

ತೋಂಟದಾರ್ಯ ಮೇಷ್ಟ್ರು ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದಾಗ ಬೀದಿಯ ತುದಿಯಿಂದ ಬೋರಕ್ಕ ಬರುವುದು ಕಾಣಿಸಿತು. ತಲೆಯ ಮೇಲೊಂದು ರಟ್ಟಿನ ಪೆಟ್ಟಿಗೆ. ಅದರ ಮೂಲೆಮೂಲೆಗೂ ಅರಿಸಿನ, ನಡುವೆ ಕುಂಕುಮ, ಅಂಟುಪಟ್ಟಿಯ ಕೆಳಗೆ ಸಿಕ್ಕಿಕೊಂಡ ನಾಲ್ಕಾರು ಚೆಂಡುಹೂವಿನ ಎಸಳು. ಮೇಷ್ಟ್ರ ಎದೆ ಉಬ್ಬಿತು. ರಿಟೈರಾದ ಮೇಲೆ ಅವರು ಸ್ಥಾಪಿಸಿದ ‘ತಿಪಟೂರು ತಾಲ್ಲೂಕು ಗ್ರಾಹಕ ಜಾಗೃತಿ ಸಮಿತಿ’ಗೆ ಆ ವಾರ ಎರಡು ವರ್ಷ ತುಂಬುತ್ತಿತ್ತು. ಈ ಸಂಗತಿ ಇಡೀ ಊರಲ್ಲಿ ನಿಮಗೊಬ್ಬರಿಗೇ ನೆನಪಿರುವುದು ಎಂದು ಅವರ ಹೆಂಡತಿ ಹಿಂದಿನ ದಿನವಷ್ಟೇ ಚುಚ್ಚಿದ್ದರು. ಈಗ ನೋಡಿದರೆ ಜನ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ತಲೆಯ ಮೇಲೆ ಹೊತ್ತು ತರುತ್ತಿದ್ದಾರೆ. ಮೇಷ್ಟ್ರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಒಳಗೆ ಕೇಳಿಸುವಂತೆ ಎರಡು ಲೋಟ ಕಾಫಿ ಎಂದು ಕೂಗಿ, ಎದ್ದು ನಿಂತರು.

“ಇದೆಲ್ಲಾ ಯಾಕಮ್ಮ ಬೋರಕ್ಕ? ನಾನೇನು ಅಂಥಾ ದೊಡ್ಡ ಕೆಲಸ ಮಾಡಿದ್ದೀನಿ?”

ಬೋರಕ್ಕ ಪೆಟ್ಟಿಗೆಯನ್ನು ಜಗುಲಿಯ ಮೇಲೆ ದೊಪ್ಪನೆ ಇಳಿಸಿದಳು.

“ಏನೂ ಮಾಡಿಲ್ಲ ಕಣ್ರೀ. ಈಗ್ಲಾರ ಮಾಡ್ಲಿ ಅಂತ್ಲೇ ಬಂದಿರಾದು. ಈ ಮಿಷನ್ನು ತಿರುಗ್ತಿಲ್ಲ. ವಾಪಸ್ ಕಳ್ಸುದ್ರೆ ಕಂಪನಿಯೋರು ತಗಳ್ತಿಲ್ಲ.”

ಒಳಗೆ ಹೆಂಡತಿ ನಕ್ಕಿದ್ದು ಕೇಳಿಸಿತು. ಮೇಷ್ಟ್ರು ಗುಂಡಿ ಬಿಚ್ಚಿಕೊಂಡು ಕೂತರು.

ಬೋರಕ್ಕ ಹಂದನಕೆರೆ ಕಡೆಯ ಒಂದು ಹಟ್ಟಿಯವಳು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕುರಿಗೂ ತನಗೂ ಆಗಿಬರುವುದಿಲ್ಲವೆಂದು ಲಂಗ ಉಡುವ ವಯಸ್ಸಿನಲ್ಲೇ ತೀರ್ಮಾನಿಸಿದ್ದಳಂತೆ. ಗಂಡ ಚಿತ್ತಣ್ಣ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದಾಗ ಅವನ ಹಿಂದೆ ಬಂದಳು. ಬಂದವಳು ಮದುವೆಮನೆಗಳ ಅಡುಗೆಗೆ ಹೋಗಿ, ಎಲ್ಲರೂ ಮಾಡುವ ಕಾಯೊಬ್ಬಟ್ಟನ್ನೇ ತಾನು ಮಾಡಿದರೆ ಜನ ಪಾಯಸ ಬಿಟ್ಟು ಅದನ್ನು ಕೇಳುತ್ತಾರೆಂದು ಕಂಡುಕೊಂಡಳು. ಆಮೇಲೆ ಮದುವೆಮನೆ ಬಿಟ್ಟು ತನ್ನ ಮನೆಯಲ್ಲೇ ಒಲೆ ಹೂಡಿದಳು. ಬೋರ್ಡಿಲ್ಲ, ಹೆಸರಿಲ್ಲ. ಹೊನ್ನವಳ್ಳಿಯವರು ಬೈಕಿನಲ್ಲಿ ಬಂದು ಒಯ್ಯುತ್ತಿದ್ದರು. ಚೆನ್ನಾಗಿರುತ್ತಾ ಎಂದು ಯಾರಾದರೂ ಕೇಳಿದರೆ, “ತಿಂದ್ ನೋಡಿ. ಚೆನ್ನಾಗಿಲ್ದಿದ್ರೆ ತಂದ್ ಬಿಸಾಕಿ” ಎನ್ನುವುದು ಅವಳ ಜಾಹೀರಾತು. ಒಮ್ಮೆ ಮಾಯಸಂದ್ರದವರು ಅರ್ಧ ತಿಂದ ಡಬ್ಬಿಯನ್ನು ಹಾಗೇ ವಾಪಸ್ ತಂದು ಬೆಲ್ಲ ಕಮ್ಮಿ ಎಂದರು. ಬೋರಕ್ಕ ಒಂದು ತುಣುಕು ಬಾಯಿಗೆ ಹಾಕಿಕೊಂಡು, “ಹೂಂ, ಕಮ್ಮಿ” ಎಂದು ಬೇರೆ ಡಬ್ಬಿ ಕೊಟ್ಟಳು. ಕೊಟ್ಟಾದ ಮೇಲೆ, “ಕಮ್ಮಿ ಅಂತ ಗೊತ್ತಾಗಕೆ ಅರ್ಧ ಡಬ್ಬಿ ಬೇಕಾಯ್ತಾ?” ಎಂದೂ ಕೇಳಿದಳು.

ಇಂಥ ಬೋರಕ್ಕನ ಬಲಭುಜ ಕೈಕೊಟ್ಟಿತು. ವರ್ಷಗಟ್ಟಲೆ ತುರಿಯುವ ಮಣೆಯ ಮೇಲೆ ಕೂತು ಕಾಯಿ ತಿರುಗಿಸಿದ ಭುಜ. ಮೂಳೆ ಡಾಕ್ಟರು ಸುತ್ತಿಬಳಸದೆ ಹೇಳಿದರು: “ಕಾಯಿ ತುರಿಯೋದು ಬಿಡಿ, ಇಲ್ಲಾ ತೋಳಿನ ಆಸೆ ಬಿಡಿ.” ಒಬ್ಬಟ್ಟು ತಟ್ಟುವುದು ಎಡಗೈಲೂ ನಡೆಯುತ್ತಿತ್ತು. ತುರಿಯುವುದು ನಡೆಯುತ್ತಿರಲಿಲ್ಲ. ಪಕ್ಕದ ಮನೆಯ ಮಂಜಮ್ಮ ತುರಿದುಕೊಡಲು ಬಂದಳು, ಪಾಪ, ಆದರೆ ಮಾತಾಡುತ್ತಾ ಚಿಪ್ಪಿನವರೆಗೂ ತುರಿಯುತ್ತಿದ್ದಳು; ಹೂರಣದಲ್ಲಿ ಕರಿ ಕರಿ ಚೂರು. ಬೋರಕ್ಕ ಅದನ್ನು ದನಕ್ಕೆ ಹಾಕಿದಳು. ಮುಂದಿನ ವರ್ಷದ ಯುಗಾದಿಯೊಳಗೆ ಬೇರೆ ದಾರಿ ಕಾಣದಿದ್ದರೆ ಒಲೆ ಆರಿಸುವುದೆಂದು ಅವಳು ಗಂಡನಿಗೆ ಹೇಳಿಬಿಟ್ಟಿದ್ದಳು.

ದಾರಿ ಕಂಡದ್ದು ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದ ಕೃಷ್ಣಕುಮಾರನ ಕಂಪ್ಯೂಟರಿನಲ್ಲಿ. ಎರಡು ಸಾವಿರದ ಒಂಬತ್ತರ ಮಳೆಗಾಲ. ಇಂಟರ್‌ನೆಟ್ಟಿನಲ್ಲಿ ಸಾಮಾನು ಕೊಳ್ಳಬಹುದೆಂಬುದು ಊರಿಗೆ ಹೊಸದು. ಅವನು ಚಿತ್ರ ತೋರಿಸಿದ: ಕಾಯಿ ತುರಿಯುವ ಕರೆಂಟಿನ ಮಿಷನ್ನು, ಮುಂದೆ ಬಟ್ಟಲಲ್ಲಿ ಮಲ್ಲಿಗೆಯಂಥ ತುರಿ. ಬೋರಕ್ಕ ತುರಿಯನ್ನಷ್ಟೇ ನೋಡಿ ಆಗಲಿ ಎಂದಳು.

ಕೊರಿಯರಿನಲ್ಲಿ ಪೆಟ್ಟಿಗೆ ಬಂತು. ಬೋರಕ್ಕ ಅದನ್ನು ಶುಕ್ರವಾರದವರೆಗೆ ಮುಟ್ಟಲಿಲ್ಲ. ಶುಕ್ರವಾರ ಮೊದಲು ಪೆಟ್ಟಿಗೆಗೆ ಅರಿಸಿನ ಕುಂಕುಮ, ಆಮೇಲೆ ಮಿಷನ್ನನ್ನು ಹೊರಗೆ ತೆಗೆದು ಮಣೆಯ ಮೇಲಿಟ್ಟು ಮೋಟರಿಗೆ ಕುಂಕುಮ, ಸ್ವಿಚ್ಚಿಗೆ ಕುಂಕುಮ, ತುರಿಯುವ ಹಲ್ಲಿಗೆ ಹೂವು. ಊದುಬತ್ತಿ ಹಚ್ಚಿ, ಕಾಯಿ ಒಡೆದು, ಕೈಮುಗಿದು ಸ್ವಿಚ್ ಹಾಕಿದಳು. ಮಿಷನ್ನು ಗುಂಯ್ ಎಂದು ನರಳಿ ಸುಮ್ಮನಾಯಿತು. ಮತ್ತೆ ಹಾಕಿದರೆ ಮತ್ತೆ ನರಳಿತು. ಕೃಷ್ಣಕುಮಾರ ವಾಪಸ್ ಕಳಿಸಿದ. ಕಂಪನಿಯವರು ಅಷ್ಟೇ ವೇಗದಲ್ಲಿ ತಿರುಗಿ ಕಳಿಸಿದರು, ಜೊತೆಗೊಂದು ಚೀಟಿ ಇಟ್ಟು: ಪೆಟ್ಟಿಗೆ ತೆರೆಯಲಾಗಿದೆ, ಯಂತ್ರದ ಮೇಲೆ ಅಪರಿಚಿತ ಪುಡಿ ಇದೆ, ಬಳಸಿದ ಸರಕನ್ನು ಹಿಂಪಡೆಯುವುದಿಲ್ಲ.

“ಕುಂಕುಮದ ಗುರುತು ಹತ್ತದಂಗಿರೋ ಇವ್ರು ಯಾವೂರೋರ್ರೀ?” ಎಂದಳು ಬೋರಕ್ಕ, ಜಗುಲಿಯ ಮೇಲೆ.

ಮೇಷ್ಟ್ರು ಚೇತರಿಸಿಕೊಂಡಿದ್ದರು. ಸನ್ಮಾನವಲ್ಲದಿದ್ದರೇನು, ಇದು ಸಮಿತಿಯ ಮೊದಲನೆಯ ಕೇಸು. ಸಮಿತಿಗೆ ಸೀಲಿತ್ತು, ಲೆಟರ್‌ಹೆಡ್ಡಿತ್ತು, ಮೂವರು ಸದಸ್ಯರಿದ್ದರು: ಅವರು, ಅವರ ಹೆಂಡತಿ, ಮತ್ತು ತಾನು ಸದಸ್ಯನೆಂದು ಇನ್ನೂ ತಿಳಿಯದ ಕೃಷ್ಣಕುಮಾರ. ಇಲ್ಲದಿದ್ದದ್ದು ಕೇಸು ಮಾತ್ರ. ಅವರು ಕನ್ನಡಕ ಏರಿಸಿ ಮಿಷನ್ನನ್ನು ಸುತ್ತ ನೋಡಿ, ದನಿ ತಗ್ಗಿಸಿದರು.

“ನೋಡು ಬೋರಕ್ಕ, ಕೇಸಿಗೆ ಒಂದೇ ತೊಡಕು, ಈ ಕುಂಕುಮ. ಒದ್ದೆ ಬಟ್ಟೇಲಿ ಒರೆಸಿಬಿಡು. ಪೂಜೆ ಗೀಜೆ ಅಂತ ಬಾಯಿಬಿಡಬೇಡ.”

“ಒರ್ಸಲ್ಲ ಕಣ್ರೀ.”

“ಕೇಸು ಸೋತರೆ?”

“ಸೋತ್ರೆ ಒಬ್ಬಟ್ಟು ಮಾಡಾದ್ ಬುಡ್ತೀನಿ. ಪೂಜೆ ಮಾಡ್ಬುಟ್ಟು ಮಾಡಿಲ್ಲ ಅನ್ನಕಾಗಲ್ಲ.”

ಅಲ್ಲಿಂದ ತುಮಕೂರಿನ ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಹೋಗಿ, ವಿಚಾರಣೆಯ ದಿನ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ಬಸ್ಸಿನಲ್ಲಿ ಬೋರಕ್ಕ ಮಿಷನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮೇಷ್ಟ್ರ ಜೇಬಿನಲ್ಲಿ ಭಾಷಣವಿತ್ತು. ಗ್ರಾಹಕನೇ ರಾಜ ಎಂದು ಶುರುವಾಗಿ, ವಸಾಹತುಶಾಹಿಯನ್ನು ಹಾದು, ನಾಲ್ಕನೆಯ ಪುಟದಲ್ಲಿ ಮಿಷನ್ನಿನ ಪ್ರಸ್ತಾಪಕ್ಕೆ ಬರುವ ಭಾಷಣ.

“ನೀವ್ಯಾರು?” ಎಂದರು ವೇದಿಕೆಯ ಅಧ್ಯಕ್ಷರು.

“ತಿಪಟೂರು ತಾಲ್ಲೂಕು ಗ್ರಾಹಕ ಜಾಗೃತಿ ಸಮಿತಿಯ ಸಂಸ್ಥಾಪಕ ಅಧ್ಯಕ್ಷನೂ, ನಿವೃತ್ತ…”

“ಕೂತ್ಕೊಳ್ಳಿ. ಆಯಮ್ಮ ಹೇಳಲಿ.”

ಕೂತರು. ಕಂಪನಿಯ ಪರ ಬಂದಿದ್ದ ವಕೀಲ ವಯಸ್ಸಿನಲ್ಲಿ ಚಿಕ್ಕವನು, ಟೈ ಬಿಗಿಯಾಗಿತ್ತು.

“ಯಂತ್ರದಲ್ಲಿ ಕಾಯಿ ತುರಿದೇ ಇಲ್ಲ ಅಂತೀರಿ. ಹಾಗಾದರೆ ಈ ಪುಡಿ ಹೇಗೆ ಬಂತು?”

“ಪೂಜೆ ಮಾಡಿದ್ದು.”

“ಅಂದರೆ ಬಳಸಿದ್ದೀರಿ.”

“ಪೂಜೆ ಮಾಡಿದ್ದೀನಿ.”

“ಅದೂ ಒಂದು ಬಳಕೆಯೇ ಅಲ್ಲವೇ?”

“ದ್ಯಾವ್ರಿಗೂ ದಿನಾ ಪೂಜೆ ಮಾಡ್ತೀನಿ ಕಣಪ್ಪ. ದ್ಯಾವ್ರುನ್ನ ಬಳಸಿ ಹಳೇದ್ ಮಾಡ್ದೆ ಅಂತೀಯಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮುವಂತೆ ನಕ್ಕರು. ಅಧ್ಯಕ್ಷರು ನಗಲಿಲ್ಲ. ಗುಮಾಸ್ತ ಟೈಪು ಮಾಡುತ್ತಿದ್ದ ಕಂಪ್ಯೂಟರಿನ ಕಡೆ ನೋಡಿದರು. ಅದರ ಹಣೆಯ ಮೇಲೆ ಕಳೆದ ಆಯುಧಪೂಜೆಯ ವಿಭೂತಿ, ಕುಂಕುಮ ಇನ್ನೂ ನಿಚ್ಚಳವಾಗಿತ್ತು. ವಕೀಲನೂ ಅತ್ತ ನೋಡಿ, ಟೈ ಸಡಿಲಿಸಿಕೊಂಡು, ಕಾಗದ ತಿರುವತೊಡಗಿದ. ತೆರೆದ ಪೆಟ್ಟಿಗೆಯನ್ನು ಹಿಂಪಡೆಯುವುದಿಲ್ಲವೆಂದು ಷರತ್ತಿನಲ್ಲೇ ಅಚ್ಚಾಗಿದೆ ಎಂದ.

“ತೆರೆಯದೆ ಒಳಗಿನದು ಕೆಟ್ಟಿದೆ ಅಂತ ಹೇಗ್ರೀ ಗೊತ್ತಾಗಬೇಕು?” ಎಂದರು ಅಧ್ಯಕ್ಷರು. “ತೆರೆಯೋದು ಬೇರೆ, ಬಳಸೋದು ಬೇರೆ. ಕೆಟ್ಟ ಮಾಲು ಕೊಟ್ಟು, ಷರತ್ತು ಅಚ್ಚು ಹಾಕಿಸಿದ್ದೀವಿ ಅಂದ್ರೆ ಕಾನೂನು ಸುಮ್ಮನಿರಲ್ಲ. ಪ್ಲಗ್ ಹಾಕಿ ನೋಡೋಣ.”

ಜವಾನ ಪ್ಲಗ್ ಹಾಕಿದ. ಮಿಷನ್ನು ಎಲ್ಲರೆದುರು ಪ್ರಾಮಾಣಿಕವಾಗಿ ನರಳಿತು. ತುರಿಯುವ ಹಲ್ಲಿನಲ್ಲಿ ಕಾಯಿಯ ಸುಳಿವೇ ಇರಲಿಲ್ಲ, ಒಣಗಿದ ಹೂವಿತ್ತು. ಯುಗಾದಿಯೊಳಗೆ ಹೊಸ ಯಂತ್ರ ಕೊಡಬೇಕೆಂದು ಆದೇಶವಾಯಿತು.

ವಾಪಸ್ ಬರುವಾಗ ಮೇಷ್ಟ್ರು ಭಾಷಣವನ್ನು ಬೋರಕ್ಕನಿಗಾದರೂ ಓದಿ ಹೇಳೋಣವೆಂದುಕೊಂಡರು. ವಸಾಹತುಶಾಹಿಗೆ ಬರುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು. ಊರಲ್ಲಿ ಮಾತ್ರ ಮೇಷ್ಟ್ರು ಕಂಡಕಂಡವರಿಗೆ ‘ನಮ್ಮ ವಾದಕ್ಕೆ ಎದುರಾಳಿ ತತ್ತರಿಸಿದ’ ಎಂದರು. ಅದು ಸುಳ್ಳಲ್ಲ, ‘ನಮ್ಮ’ ಎಂಬುದೊಂದನ್ನು ಬಿಟ್ಟರೆ.

ಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ಹೊಸ ಮಿಷನ್ನು ಬಂತು. ಹೆಂಡತಿಯೊಂದಿಗೆ ಬಂದ ಮೇಷ್ಟ್ರಿಗೆ ಬೋರಕ್ಕನ ನಡುಮನೆಯಲ್ಲಿ ಕುರ್ಚಿ ಹಾಕಿದ್ದರು. ಈ ಸಲವಾದರೂ ಮೊದಲು ಸ್ವಿಚ್ ಹಾಕಿ ನೋಡಬಾರದೇ ಎಂಬ ಅವರ ಸಲಹೆ ಊದುಬತ್ತಿಯ ಹೊಗೆಯಲ್ಲಿ ಕರಗಿಹೋಯಿತು. ಅರಿಸಿನ, ಕುಂಕುಮ, ಹೂವು, ಕಾಯಿ, ಎಲ್ಲ ಹಿಂದಿನಂತೆಯೇ ಆಯಿತು. ಬೋರಕ್ಕ ಕೈಮುಗಿದು ಸ್ವಿಚ್ ಹಾಕಿದಳು.

ಮಿಷನ್ನು ನರಳಲೂ ಇಲ್ಲ.

ಬೋರಕ್ಕ ತನ್ನ ಬಲಭುಜವನ್ನು ಎಡಗೈಲಿ ಹಿಡಿದುಕೊಂಡು ನಿಂತಿದ್ದಳು. ಮೇಷ್ಟ್ರು ಮೇಲ್ಮನವಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ್ದರು. ಅಷ್ಟರಲ್ಲಿ ಮಂಜಮ್ಮ, “ಅಯ್ಯೋ, ಫ್ಯಾನೂ ನಿಂತೈತಲ್ಲಕ್ಕ!” ಎಂದಳು. ಎಲ್ಲರೂ ಮೇಲೆ ನೋಡಿದರು.

ಕಾದರು. ಕಾಫಿಯಾಯಿತು. ಲೋಟ ತೊಳೆಯುವ ಹೊತ್ತಿಗೆ ಫ್ಯಾನು ಮೆಲ್ಲಗೆ ತಿರುಗಿತು, ಹಿಂದೆಯೇ ಮಿಷನ್ನೂ ಸರ್ರೆಂದು ತಿರುಗಿತು. ಬೋರಕ್ಕ ಎಡಗೈಲಿ ಅರ್ಧ ಹೋಳು ಹಿಡಿದಳು. ತುರಿ ಬಟ್ಟಲಿಗೆ ಉದುರಿತು. ಒಂದು ಚಿಟಿಕೆ ತೆಗೆದು ಬೆಳಕಿಗೆ ಹಿಡಿದಳು. ಕರಿ ಇಲ್ಲ. ಬಾಯಿಗೆ ಹಾಕಿಕೊಂಡು ಮತ್ತೊಂದು ಹೋಳು ಎತ್ತಿಕೊಂಡಳು.

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು ಕುರ್ಚಿಯಿಂದ ಎದ್ದರು. ಹೆಂಡತಿಗೂ ಮಂಜಮ್ಮನಿಗೂ ಕೇಳುವಂತೆ ಕೇಳಿದರು:

“ಈಗ ಹೇಳು ಬೋರಕ್ಕ, ಸಂಕೋಚ ಬೇಡ. ಈ ಮಿಷನ್ನು ತಿರುಗ್ತಿರೋದು ನಿನ್ನ ಪೂಜೆಯಿಂದಲೋ, ನಮ್ಮ ಸಮಿತಿಯ ಹೋರಾಟದಿಂದಲೋ?”

“ಕರೆಂಟಿಂದ ಕಣ್ರೀ ಮೇಷ್ಟ್ರೇ. ವಸಿ ಅತ್ಲಾಗ್ ಸರೀರಿ, ವೈರು ತುಳೀತಿದ್ದೀರ.”