ನಮ್ಮ ಮಾವನ ಇಕ್ಕಳ ಪರೀಕ್ಷೆ

ಕಾರುಗಳ ವೈರಿಂಗ್ ಮಾಡುವ ನಮ್ಮ ಮಾವ ವೈರ್ ಸುಲಿಯುವ ಇಕ್ಕಳ ಕೊಳ್ಳಲು ಬಂದರೆ ಅಂಗಡಿಯವರ ಎದೆ ಢವಢವ. ಜೇಬಿನಿಂದ ತಮ್ಮದೇ ವೈರಿನ ತುಂಡು ತೆಗೆದು, ಸುಲಿದು, ತಾಮ್ರದ ಎಳೆಗಳನ್ನು ಹೇನು ಹುಡುಕುವವರಂತೆ ಬಿಡಿಸಿ ನೋಡುತ್ತಾರೆ. ಒಂದೇ ಎಳೆಗೆ ಗೀರು ಬಿದ್ದಿದ್ದರೂ, "ಕಾರು ಕುಲುಕಿದ್ರೆ ಇದು ತುಂಡಾಗುತ್ತೆ, ದೀಪ ನಡುದಾರೀಲಿ ಆರುತ್ತೆ. ಇದ್ರಲ್ಲಿ ನೀವು ಉಗುರು ಕತ್ತರಿಸ್ಕೊಳ್ಳಿ!" ಎಂದು ಹೊರಟುಬಿಡುತ್ತಾರೆ. ಹೀಗಾಗಿ ಇಷ್ಟು ವರ್ಷವೂ ಅವರಿಗೆ ಬ್ಲೇಡೇ ಗತಿಯಾಗಿತ್ತು. ಮೊನ್ನೆ, ಅವರ ಜೊತೆಗಿದ್ದೇ ಕೆಲಸ ಕಲಿತ ಮಗಳು ತಾನೇ ಒಂದು ಇಕ್ಕಳ ಆರಿಸಿ ತಂದಳು. ಮಾವ ಸುಲಿದರು, ಬಿಡಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಏನಪ್ಪಾ, ಗೀರಿದೆಯಾ?" ಎಂದಳು ಮಗಳು. ಮಾವ ಇಕ್ಕಳವನ್ನು ಅವಳ ಕೈಗೇ ಕೊಟ್ಟು, ಎದುರಿಗಿದ್ದ ಕಾರನ್ನು ತೋರಿಸಿದರು. ಸಂಜೆ ಕಾರಿನವರು ಹೊಗಳತೊಡಗಿದಾಗ ಎದೆಯುಬ್ಬಿಸಿ ಹೇಳಿದರು: "ಕೆಲ್ಸ ಪೂರ್ತಿ ನನ್ನ ಮಗಳದ್ದು ಸ್ವಾಮಿ. ನಾನು ಬರೀ ಟಾರ್ಚ್ ಹಿಡ್ಕೊಂಡಿದ್ದೆ."