ನಾಲ್ಕು ಗಂಟೆಗೆ ನಿಲ್ಲುವ ಗಾಡಿ

ಕಳೆದ ವಾರ ಶಿಗ್ಗಾಂವಿಯ ಸಂತೆಯಲ್ಲಿ ಆಗಷ್ಟೇ ತೊಳೆದು ಒಟ್ಟಿದ್ದ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ರಾಶಿಯ ಮುಂದೆ ನಿಂತಿದ್ದೆ. ಹಸಿಮಣ್ಣು ಬೆರೆತ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಕಾರು ನೆನಪಾಯಿತು. ಅದರ ಮುಂದಿನ ಡಬ್ಬಿಯಲ್ಲಿ ಯಾವಾಗಲೂ ನಾಲ್ಕಾರು ಗಜ್ಜರಿ ಇರುತ್ತಿದ್ದವು. ಇಡುತ್ತಿದ್ದವರು ಡ್ರೈವರ್ ಕಾಕಾ.

ಕಾಕಾ ನಮ್ಮ ಓಣಿಯವರೇ. ನಮ್ಮ ಮನೆಯಿಂದ ಮೂರನೆಯದು ಅವರದು. ಹರೆಯದಲ್ಲಿ ಮೆಣಸಿನಕಾಯಿ ಲಾರಿ ಹೊಡೆದುಕೊಂಡು ಗುಜರಾತ, ರಾಜಸ್ಥಾನ ಸುತ್ತಿದವರು. ವಯಸ್ಸಾದ ಮೇಲೆ ಕರೆದವರ ಕಾರು ಓಡಿಸುತ್ತಿದ್ದರು. ನನಗೆ ಲೈಸೆನ್ಸ್ ಇತ್ತು, ಆದರೆ ಊರು ದಾಟುವ ಧೈರ್ಯ ಇರಲಿಲ್ಲ. ದೂರ ಹೋಗುವುದಿದ್ದರೆ ಕಾಕಾನೇ ಬೇಕು.

ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ ವರ್ಷ. ಹಿರೇಕೆರೂರಿನ ನನ್ನ ಅಕ್ಕನಿಗೆ ಮರುಭೂಮಿ ನೋಡುವ ಹುಚ್ಚು ಹತ್ತಿತ್ತು. ಗಡಿಬಿಡಿ ಬೇಡ, ಮೊಣಕಾಲು ತಡೆಯುವಷ್ಟು ದಿನಕ್ಕೆ ಒಂದು ತಾಸು ನಡಿಗೆ, ಉಳಿದ ಹೊತ್ತು ಕಾರಿನಲ್ಲಿ ಕುಳಿತು ಬಯಲು ನೋಡುತ್ತ ಹೋಗುವುದು... ಅಷ್ಟೇ ಅವಳ ಆಸೆ. ನನ್ನ ಯಜಮಾನರಿಗೆ ಊರು ಬಿಡುವುದೇ ಬೇಡ. ಹಾಗಾಗಿ ಹೊರಡುವವರು ಅಕ್ಕ, ನಾನು, ಕಾಕಾ.

ಮಾತು ತೆಗೆದ ಮೂರನೆಯ ದಿನಕ್ಕೆ ಕಾಕಾ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಇಡೀ ಪ್ರವಾಸವನ್ನು ಬರೆದು ತಂದರು. ಎಲ್ಲಿ ಚಹಾ, ಎಲ್ಲಿ ಊಟ, ಯಾವ ಗುಡ್ಡ ಅಕ್ಕ ಹತ್ತಬಹುದು, ಯಾವುದು ಬೇಡ, ಎಲ್ಲವೂ ಅದರಲ್ಲಿತ್ತು. ಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷ ಕಾವಲು ನಿಂತವಳು ನಾನು. ಯಾರ ಹಾಳೆ ನೋಡಿದರೂ ಮೊದಲು ಕಾಣುವುದು ತಪ್ಪೇ. ಪ್ರತಿದಿನದ ಕೊನೆಗೆ ಒಂದೇ ಸಾಲು: ‘ನಾಲ್ಕಕ್ಕೆ ಮುಕ್ಕಾಮು.’ ಮೊಬೈಲಿನ ನಕ್ಷೆ ಎರಡೂವರೆ ದಿನ ಎಂದು ತೋರಿಸುವ ಜೈಸಲ್ಮೇರಿಗೆ ಕಾಕಾನ ಲೆಕ್ಕದಲ್ಲಿ ಐದು ದಿನ!

“ಕಾಕಾ, ಎಲ್ಲಾರೂ ಮರಳದಿಬ್ಬದ ಮ್ಯಾಲೆ ಸೂರ್ಯ ಮುಳುಗೂದು ನೋಡಾಕ ಹೋಗ್ತಾರ. ನೀವು ಮುಂಜಾನಿ ಎಂಟಕ್ಕ ಬರದೀರಲ್ರಿ?”

“ಸಂಜಿ ಮುಂದ ಭಾಳ ಗದ್ದಲ ಇರತೈತಿ ತಂಗಿ. ಮುಂಜಾನಿ ಮರಳು ತಂಪಿರತೈತಿ, ನಿಮ್ಮ ಅಕ್ಕಾರಿಗೆ ನಡ್ಯಾಕ ಚಲೋ.”

ಉತ್ತರ ಸರಿಯಾಗಿಯೇ ಇತ್ತು. ಆದರೆ ಎಲ್ಲ ಪ್ರಶ್ನೆಗೂ ಉತ್ತರ ಮೊದಲೇ ಸಿದ್ಧವಿತ್ತಲ್ಲ, ಅದೇ ನನಗೆ ಕಸಿವಿಸಿ. ಜೈಸಲ್ಮೇರಿನ ಆಚೆ, ಹೆಸರೇ ಕೇಳದ ಒಂದು ಹಳ್ಳಿಯಲ್ಲಿ ಅರ್ಧ ದಿನ ಎಂದು ಬೇರೆ ಬರೆದಿದ್ದರು. ಅಲ್ಲೇನಿದೆ ಎಂದರೆ, “ಏನಿಲ್ಲ, ಸುಮ್ನ” ಎಂದು ನಕ್ಕುಬಿಟ್ಟರು.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಅವಳು ಒಂದೇ ಮಾತಿಗೆ ಮುಗಿಸಿದಳು. “ಅಲ್ಲಿ ಯಾರೋ ಅದಾಳ ತಗೋ. ಲಾರಿ ಹೊಡಿಯೋರ ಸುದ್ದಿ ಗೊತ್ತಿಲ್ಲೇನ ನಿನಗ?”

ಅವಳು ನಗುತ್ತ ಅಂದಿದ್ದಳು. ನನ್ನಲ್ಲಿ ಅದು ಬೇರು ಬಿಟ್ಟಿತು. ಅಂದಿನಿಂದ ಕಾಕಾನ ಮೇಲೆ ಕಣ್ಣಿಟ್ಟೆ. ಮೊದಲೆಲ್ಲ ಸಂಜೆ ಕಟ್ಟೆಯ ಮೇಲೆ ಹರಟೆಗೆ ಕೂಡುತ್ತಿದ್ದವರು ಈಗ ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತಿದ್ದರು. ಒಮ್ಮೆ ಮುಸ್ಸಂಜೆಯಲ್ಲಿ ಎದುರಿಗೆ ಸಿಕ್ಕರು. ನಾನು ನಕ್ಕೆ. ಅವರು ನನ್ನನ್ನು ನೋಡಿಯೂ ನೋಡದವರಂತೆ, ಗೋಡೆಯ ಪಕ್ಕಕ್ಕೆ ಸರಿದು ಹೊರಟುಹೋದರು. ತಪ್ಪು ಮಾಡಿದವರು ಮುಖ ತಪ್ಪಿಸುವುದು ಹೀಗೆಯೇ ಎಂದುಕೊಂಡೆ.

ಇಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಒಂದು ಮಧ್ಯಾಹ್ನ ಕಾಕಾನ ಹೆಂಡತಿ ಕಾಕಿ ತಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಹೋಗಿ ಕುಳಿತೆ. ಏನೂ ಅಲ್ಲವೆಂಬಂತೆ ಕೇಳಿದೆ, “ಕಾಕಾಗ ರಾಜಸ್ಥಾನದ ಕಡೆ ಗುರ್ತಿನವರು ಯಾರರೆ ಅದಾರೇನ್ರಿ? ಒಂದು ಹಳ್ಳಿಗೆ ಹೋಗೂದೈತಿ ಅಂತ ಬರದಾರ.”

ಮೊರದ ಮೇಲಿನ ಕೈ ನಿಂತಿತು. “ನನಗೇನ ಗೊತ್ತವಾ” ಎಂದರು. ಮತ್ತೆ ಮೊರ ಆಡಿತು... ಆದರೆ ನನ್ನ ಕಡೆ ನೋಡಲಿಲ್ಲ.

ಮುಂದಿನ ರವಿವಾರ ಹಾಳೆಯನ್ನು ಅಕ್ಕನಿಗೆ ತೋರಿಸಲು ಹಾನಗಲ್ ಮೇಲಿಂದ ಹಿರೇಕೆರೂರಿಗೆ ಹೋದೆವು. ಕಾಕಾ ದಾರಿಯುದ್ದಕ್ಕೂ ಖುಷಿಯಲ್ಲಿದ್ದರು. ಅಕ್ಕನನ್ನು ಕೆರೆಯ ಏರಿಯ ಮೇಲೆ ನಡೆಸಿ, ಎಷ್ಟು ಹೊತ್ತಿಗೆ ಕಾಲು ನೋಯುತ್ತದೆಂದು ಗಡಿಯಾರ ಹಿಡಿದು ನೋಡಿದರು. ಎರಡಕ್ಕೆಲ್ಲ “ಹೊರಡೂಣು ತಂಗಿ” ಎಂದರು. ನಾನು ಬೇಕೆಂದೇ ತಡಮಾಡಿದೆ. ಊಟವಾದ ಮೇಲೆ ಚಹಾ, ಚಹಾ ಆದ ಮೇಲೆ ಹಳೆಯ ಫೋಟೋ. ನಾಲ್ಕು ದಾಟಿದರೆ ಈ ಮನುಷ್ಯ ಏನು ಮಾಡುತ್ತಾನೆ ನೋಡಿಯೇಬಿಡೋಣ ಎಂಬ ಹಟ. ಕಾಕಾ ಮೂರು ಸಲ ಬಾಗಿಲಿಗೆ ಬಂದು ಹೋದರು. ನಾಲ್ಕನೆಯ ಸಲ ಬಂದವರು ಚಪ್ಪಲಿ ನೋಡುತ್ತ ನಿಂತರು. ಹೊರಟಾಗ ಐದೂವರೆ.

ಹಾನಗಲ್ ದಾಟುವಷ್ಟರಲ್ಲಿ ಬೆಳಕು ಹೋಗಿತ್ತು. ಕಾರು ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೇ. ಕಾಕಾ ಸ್ಟೇರಿಂಗಿನ ಮೇಲೆ ಬಾಗಿ ಕುಳಿತಿದ್ದರು. ರಸ್ತೆಯ ಪಕ್ಕದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ದೀಪವಿಲ್ಲದೆ ನಿಂತಿತ್ತು. ನನಗೆ ದೂರದಿಂದಲೇ ಕಂಡಿತು. ಅವರು ನೆಟ್ಟಗೆ ಅದರ ಮೇಲೆಯೇ ಹೋಗುತ್ತಿದ್ದರು.

“ಕಾಕಾ!” ಎಂದು ಚೀರಿದೆ. ಕಾರು ಎಡಕ್ಕೆ ಹೊರಳಿ, ಕೊಯ್ದ ಭತ್ತದ ಗದ್ದೆಗಿಳಿದು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಟ್ರ್ಯಾಕ್ಟರಿನವರು ಓಡಿಬಂದು ಕಾರನ್ನು ರಸ್ತೆಗೆ ನೂಕಿಕೊಟ್ಟರು. ಕಾಕಾ ಇಳಿದು ಬಾಗಿಲು ಹಿಡಿದುಕೊಂಡು ನಿಂತಿದ್ದರು.

“ಇನ್ನ ನೀನ ನಡಸಬೇಕ ತಂಗಿ. ನನಗ ಕಾಣಸಂಗಿಲ್ಲ.”

ಶಿಗ್ಗಾಂವಿಯವರೆಗೆ ನಾನೇ ನಡೆಸಿದೆ. ಊರ ಹೊರಗೆ ನಾನು ಕಾರು ಓಡಿಸಿದ್ದು ಅದೇ ಮೊದಲು. ಪಕ್ಕದಲ್ಲಿ ಕುಳಿತು ಕಾಕಾ ಹೇಳುತ್ತ ಹೋದರು. ಅದು ಇರುಳುಗುರುಡು. ಎರಡು ವರ್ಷದಿಂದ ಹೊತ್ತು ಮುಳುಗಿದರೆ ಎಲ್ಲವೂ ಕಪ್ಪು. ಮುಂದೆ ಹಗಲಿನ ದೃಷ್ಟಿಯೂ ಹೋಗುತ್ತದೆ, ಔಷಧವಿಲ್ಲ ಎಂದಿದ್ದರಂತೆ ಡಾಕ್ಟರು. ಕಣ್ಣಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಗಜ್ಜರಿ ತಿನ್ನುತ್ತಿದ್ದರು.

“ಎಲ್ಲಾ ಹಗಲಿನ್ಯಾಗ ಮುಗಿಯೂ ಹಂಗ ಬರದಿದ್ದೆ ತಂಗಿ. ನಿಮ್ಮ ಜೀವಕ್ಕ ಧಕ್ಕಿ ಬರಬಾರದಂತ.”

“ಮತ್ತ ಆ ಹಳ್ಳಿ?”

“ಒಮ್ಮೆ ಲಾರಿ ಕೆಟ್ಟು ಅಲ್ಲಿ ಮೂರು ದಿನ ನಿಂತಿದ್ದೆ. ಬರೇ ಬಯಲು. ಯಾ ಕಡೆ ನೋಡಿದ್ರೂ ಕಣ್ಣಿಗೆ ಅಡ್ಡ ಏನೂ ಇಲ್ಲ. ಕಣ್ಣು ಪೂರ್ತಿ ಹೋಗೂದ್ರಾಗ ಇನ್ನೊಮ್ಮೆ ನೋಡೂಣಂತ...” ಆಮೇಲೆ, “ಮನ್ಯಾಗ ಹೇಳಬ್ಯಾಡ” ಎಂದರು.

ಹೇಳುವುದಿಲ್ಲ ಎಂದೆ. ಕಾಕಿಯ ಹತ್ತಿರ ನಾನು ಕೇಳಿದ್ದ ಮಾತನ್ನು ಮಾತ್ರ ಅವರ ಮುಂದೆ ಆಡಲು ಬಾಯಿ ಬರಲಿಲ್ಲ. ರೈಲಿನಲ್ಲಿ ಹೋಗೋಣ, ಅಲ್ಲೇ ಬೇರೆ ಕಾರು ಹಿಡಿಯೋಣ ಎಂದು ಎಷ್ಟೋ ಸಲ ಕರೆದೆ. “ಬ್ಯಾರೇದವರ ಹಿಂದ ಕುಂತು ಹೋಗೂದಾದ್ರ ಬ್ಯಾಡ ತಂಗಿ” ಎಂದರು. ಅಂದಿನ ಮೇಲೆ ಅವರು ಯಾರ ಕಾರನ್ನೂ ಮುಟ್ಟಲಿಲ್ಲ. ಅಕ್ಕನೂ ನಾನೂ ಹೋಗಲಿಲ್ಲ. ಈಗ ಅವಳಿಗೆ ಅಂಗಳ ದಾಟುವುದೇ ಕಷ್ಟ.

ಹೋದ ವರ್ಷ ಕಾಕಾ ತೀರಿಕೊಂಡರು. ಕೊನೆಯ ಎರಡು ವರ್ಷ ಹಗಲೂ ಕಾಣುತ್ತಿರಲಿಲ್ಲ.

ಸಂತೆಯಿಂದ ಬಂದವಳೇ ಚೀಲ ಇಟ್ಟು ಕಾಕಿಯ ಮನೆಗೆ ಹೋದೆ. ಏಳು ವರ್ಷ ಹೊತ್ತುಕೊಂಡಿದ್ದನ್ನು ಹೇಳಿದೆ: ಆ ರಾತ್ರಿ, ಇರುಳುಗುರುಡು, ಕಣ್ಣು ಹೋಗುವುದರೊಳಗೆ ಆ ಹಳ್ಳಿಯನ್ನು ಇನ್ನೊಮ್ಮೆ ನೋಡುವ ಅವರ ಆಸೆ. ಹೇಳಬೇಡ ಎಂದಿದ್ದರು, ಅದಕ್ಕೇ ಸುಮ್ಮನಿದ್ದೆ ಎಂದೂ ಹೇಳಿದೆ.

“ಕಣ್ಣಿಂದು ನನಗ ಮೊದಲ ಗೊತ್ತಿತ್ತವಾ,” ಎಂದರು ಕಾಕಿ. “ಸಂಜಿ ಊಟಕ್ಕ ಕುಂತ್ರ ತಾಟಿನ್ಯಾಗ ರೊಟ್ಟಿ ತಡವ್ಯಾಡತಿದ್ರು. ಹೇಣ್ತಿಗೆ ಗೊತ್ತಾಗಂಗಿಲ್ಲೇನ? ಆ ಊರಿಂದು ಮಾತ್ರ ಗೊತ್ತಿದ್ದಿಲ್ಲ. ನೀ ಅವತ್ತ ಬಂದು ಕೇಳಿದಾಗಿಂದ ಅವರನ್ನ ಕೇಳಬೇಕಂತಿದ್ದೆ. ಕೇಳಿದ್ರ ಏನ ಅಂತಾರೋ ಅಂತ ಅಂಜಿ ಕೇಳಲಿಲ್ಲ. ಕಡೀತನ ಕೇಳಲಿಲ್ಲ.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಏನೈತಂತ ಅಲ್ಲಿ?”

“ಬಯಲರಿ ಕಾಕಿ. ಬರೇ ಬಯಲಂತ.”

“ಅಷ್ಟನ?” ಎಂದರು.