ಹಿಂದಿನ ಖೋಲಿಯಲ್ಲಿ ಕೂತು ಮನೆ ತೋರಿಸಿದ್ದು

ಶಹಾಬಾದಿನ ಮನೆಯನ್ನು ಯಾರಿಗೆ ಬೇಕಾದರೂ ಕೊಡಲು ನಾನು ತಯಾರಿದ್ದೆ, ನಿಮ್ಮ ಸಣ್ಣಜ್ಜಿಗೆ ಮಾತ್ರ ಅಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುತ್ತಾ ಬರೆಯುತ್ತಾ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡೇನು.

ನಿಮ್ಮ ಅಜ್ಜ ತೀರಿಹೋಗಿ ಎರಡು ವರ್ಷವಾಗಿತ್ತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಹೊಸತು. ನಿಮ್ಮ ಅಪ್ಪನಿಗೆ ಸೇಡಂನ ತಹಸೀಲ ಕಚೇರಿಯಲ್ಲಿ ನೌಕರಿ ಸಿಕ್ಕಿತ್ತು. ಈ ಮನೆ ಮಾರಿ ಸೇಡಂನಲ್ಲಿ ಸಣ್ಣದೊಂದು ಮನೆ ನೋಡುವುದೆಂದು ಮಾತಾಯಿತು. ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ, ಎರಡು ಓಣಿ ಆಚೆ ಬಾಡಿಗೆ ಮನೆಯಲ್ಲಿದ್ದ. ಮಳೆಗಾಲ ಹಿಡಿಯುವುದರೊಳಗೆ ಹೊರಗಿನವರು ಯಾರೂ ಒಪ್ಪದಿದ್ದರೆ ತಾನೇ ತೆಗೆದುಕೊಳ್ಳುವುದಾಗಿ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಆ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬಂದವನು ಅವನಲ್ಲ, ಅವನ ಹೆಂಡತಿ. ನನ್ನ ಒಲೆಯ ಮುಂದೆ ಅವಳು, ನನ್ನ ಹೊಸ್ತಿಲಿಗೆ ಅರಿಶಿನ ಹಚ್ಚುವವಳು ಅವಳು. ಗುರುತಿಲ್ಲದ ಹೆಂಗಸೊಬ್ಬಳು ಅಲ್ಲಿ ಬಾಳ್ವೆ ಮಾಡಿದರೆ ನಾನು ಕಾಣಬೇಕಾದ್ದಿಲ್ಲ. ಇವಳಾದರೆ ಹಬ್ಬಕ್ಕೂ ಹುಣ್ಣಿವೆಗೂ ಹೋಗಿ ನೋಡಬೇಕು, ನೋಡಿ ನಗಬೇಕು.

ನನ್ನ ಈ ನೆಗೆಣ್ಣಿ ನನಗಿಂತ ಎಂಟು ವರ್ಷ ಚಿಕ್ಕವಳು, ಚಿಂಚೋಳಿ ಕಡೆಯವಳು. ಮಾತಿನ ನಡುವೆ ತೆಲುಗು ಬೆರೆಸುವಳು. ಗುರುತಿಲ್ಲದವರನ್ನೂ ಎರಡು ಮಾತಿನಲ್ಲಿ ನಗಿಸುವಳು. ನಾನೋ, ಗಿರಣಿಗೆ ಹಿಟ್ಟು ಬೀಸಿಸಲು ಹೋದರೆ ನನ್ನ ಪಾಳಿ ಬಂತೆಂದು ಹೇಳಲೂ ನಾಚುವವಳು. ಅವಳ ಕೈತುಂಬ ಹಸಿರು ಬಳೆ ಇದ್ದವು. ಗಂಡ ಇದ್ದ. ನನ್ನ ಹೊಟ್ಟೆ ಉರಿಯಲು ಕೊನೆಯದೊಂದೇ ಸಾಕಾಗಿತ್ತು.

ಮೊದಲ ಸಲ ಮನೆ ನೋಡಲು ವಾಡಿಯಿಂದ ಗಂಡ, ಹೆಂಡತಿ ಮತ್ತು ಅವನ ತಾಯಿ ಬಂದರು. ಬಾಗಿಲು ತೆರೆದವಳು ನಾನು. ಆ ಮುದುಕಿ ನನ್ನ ಬೋಳು ಹಣೆ ನೋಡಿದಳು, ಹೊಸ್ತಿಲ ಮೇಲೆ ಇಡಬೇಕೆಂದಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. ರೈಲಿನ ವೇಳೆ ಆಯಿತೆಂದು ಮಗನಿಗೆ ಹೇಳಿದಳು, ಮೂವರೂ ಕಟ್ಟೆಯಿಂದಲೇ ಹೊರಳಿದರು. ಆ ಹೊತ್ತಿಗೆ ವಾಡಿ ಕಡೆಗೆ ಯಾವ ರೈಲೂ ಇರಲಿಲ್ಲ.

ಅಂದೇ ಮೈದುನ ಒಂದು ಏರ್ಪಾಡು ಮಾಡಿದ. ಇನ್ನು ಮೇಲೆ ಮನೆ ನೋಡಲು ಯಾರೇ ಬರಲಿ, ಮುತ್ತೈದೆಯೇ ಬಾಗಿಲು ತೆರೆಯಬೇಕು. ಮನೆ ತನ್ನದೆಂದೇ ಅವನು ಹೇಳುವನು, ಮನೆಯೊಡತಿ ಅವನ ಹೆಂಡತಿ. ಗೋಡೆಯ ಮೇಲಿನ ನಿಮ್ಮ ಅಜ್ಜನ ಫೋಟೋ ಅಷ್ಟು ಹೊತ್ತು ಇಳಿಸಿಡುವುದು. ನಾನು ಹಿಂದಿನ ಖೋಲಿಯಲ್ಲಿ, ಕುಳ್ಳು ಕಟ್ಟಿಗೆ ಒಟ್ಟುವ ಖೋಲಿಯಲ್ಲಿ, ಕದ ಮುಚ್ಚಿಕೊಂಡು ಕೂರುವುದು. ಹೀಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನು ಹೂಂ ಅಂದೆ. ಮನೆ ಹೊರಗಿನವರಿಗೆ ಹೋಗಲಿ ಎಂಬ ಆಸೆ ನನ್ನದೇ ಅಲ್ಲವೇ?

ಹಾಗೆ ನಾನು ಮನೆ ಸಿಂಗರಿಸಲು ಕೂತೆ. ಸುಣ್ಣದ ಹರಳು ನೆನೆಹಾಕಿ, ಚೂರು ನೀಲಿ ಕೂಡಿಸಿ, ಪುಂಡಿ ನಾರಿನ ಕುಂಚದಿಂದ ಮೂರೂ ಖೋಲಿ ಬಳಿದೆ. ಒಲೆಯ ಮೇಲಿನ ಗೋಡೆಯ ಮಸಿಯನ್ನು ಕುಡುಗೋಲಿನಿಂದ ಕೆರೆದೆ. ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟೆ. ಸೋರುವ ಕೊಡವನ್ನು, ಹರಕು ಕೌದಿಯನ್ನು ನನ್ನ ಜೊತೆ ಹಿಂದಿನ ಖೋಲಿಗೆ ಹಾಕಿಕೊಂಡೆ. ಶಹಾಬಾದಿನಲ್ಲಿ ಕಲ್ಲಿನ ಧೂಳು ಗೊತ್ತಲ್ಲ, ಒರೆಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಕೂತಿರುತ್ತದೆ. ನೆಲಕ್ಕೆ ಹಾಸಿದ ಫರಸಿಕಲ್ಲು ಒದ್ದೆ ಇದ್ದಾಗ ನವಿಲಿನ ಕುತ್ತಿಗೆಯ ನೀಲಿ, ಒಣಗಿದರೆ ಬೂದಿ. ಅದಕ್ಕೇ ಮುಂದಿನ ಸಲ ಮನೆ ನೋಡುವವರು ಓಣಿಯ ತಿರುವಿಗೆ ಬಂದರೆಂದು ತಿಳಿದ ಮೇಲೆ ನಾನು ಬಾಗಿಲಿನಿಂದ ಶುರುಮಾಡಿ ಹಿಮ್ಮುಖವಾಗಿ ಒರೆಸುತ್ತಾ ಒರೆಸುತ್ತಾ ಹಿಂದಿನ ಖೋಲಿ ಸೇರಿಬಿಟ್ಟೆ. ನನ್ನ ಹೆಜ್ಜೆಯ ಗುರುತೂ ಉಳಿಯಲಿಲ್ಲ.

ಆ ನೆಲದ ಮಾತು ಹೇಳಬೇಕು. ನಿಮ್ಮ ಅಜ್ಜ ಕಲ್ಲಿನ ಖಣಿಯಲ್ಲಿ ಫರಸಿ ಕಡಿಯುತ್ತಿದ್ದರು. ಮೂಲೆ ಮುಕ್ಕಾದ ಫರಸಿ ಮಾರಾಟಕ್ಕೆ ಬರುವುದಿಲ್ಲ. ಅಂಥವನ್ನು ಕೇಳಿ ತಂದು, ಮುಕ್ಕಾದಷ್ಟು ಕಡಿದು ತೆಗೆದು, ಉಳಿದದ್ದನ್ನು ಒಂದಕ್ಕೊಂದು ಹೊಂದಿಸಿ ಕೂಡಿಸಿದ್ದರು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಸೂಟಿಯ ದಿನ ಮಾತ್ರ ಕೆಲಸ, ಹೀಗೆ ಎರಡು ಬೇಸಿಗೆ ಹಿಡಿಯಿತು. ಕಲ್ಲಿನ ಅಡಿಗೆ ಮೊರಂ ಮಣ್ಣು ಹೊತ್ತು ಹಾಕಿದವಳು, ಅವರು ಅದನ್ನು ದಿಮ್ಮಿಸಿ ಗಟ್ಟಿ ಮಾಡುವಾಗ ನೀರು ಚಿಮುಕಿಸಿದವಳು ನಾನು. ಆಗ ನಿಮ್ಮ ಸಣ್ಣಜ್ಜಿಗೆ ಮದುವೆಯೂ ಆಗಿರಲಿಲ್ಲ.

ಎರಡನೆಯ ಸಲ ಚಿತ್ತಾಪುರದ ಕಿರಾಣಿ ಅಂಗಡಿಯವರು ಬಂದರು. ನೆಗೆಣ್ಣಿ ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದಳು. ಕದದ ಸಂದಿನಲ್ಲಿ ನನಗೆ ಅವಳ ಸೀರೆಯ ಅಂಚೂ ಬಳೆಯ ಸಪ್ಪಳವೂ ಅಷ್ಟೇ ಸಿಗುತ್ತಿದ್ದವು. ಬಂದ ಹೆಂಗಸಿಗೆ ಕುಂಕುಮ ಕೊಟ್ಟಳು, ಚಹಾ ಮಾಡಿದಳು, ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಹುಡುಕದೆ ಸರಿಯಾದ ಗೂಡಿಗೇ ಕೈ ಹಾಕಿದ್ದು ಬಳೆಯ ಸಪ್ಪಳದಲ್ಲೇ ತಿಳಿಯಿತು. ಆ ಹೆಂಗಸು ಅಡುಗೆಮನೆಯಲ್ಲಿ ನಿಂತು, ಇಷ್ಟು ಚಂದ ಇಟ್ಟ ಮನೆ ತಾನು ಚಿತ್ತಾಪುರದಲ್ಲೂ ಕಂಡಿಲ್ಲ ಎಂದಳು.

"ದಿನಾ ಮಾಡೋದೇ ಅಲ್ರಿ ಇದು, ನೀವು ಬರ್ತೀರಂತ ಮಾಡಿದ್ದಲ್ಲ" ಎಂದು ನೆಗೆಣ್ಣಿ ನಕ್ಕಳು.

ಹುಣಸೆಹುಳಿ ತಾಗಿ ನನ್ನ ಬೆರಳ ಸಂದುಗಳು ಇನ್ನೂ ಚುರುಗುಡುತ್ತಿದ್ದವು. ಕುಳ್ಳಿನ ರಾಶಿಗೆ ಒರಗಿ ಕೂತು ನಾನು ಅವಳ ನಗುವನ್ನು ಕೇಳಿದೆ. ಸುಳ್ಳು ಹೇಳು ಎಂದು ಹೇಳಿಕೊಟ್ಟವರು ನಾವೇ. ಆದರೆ ಹೇಳುವಾಗ ಅಷ್ಟು ಸುಖವಾಗಿ ನಗು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಬಾವಿ ದೂರವಾಯಿತೆಂದು ಅವರು ಬೇಡವೆಂದರು. ಅವರು ಹೋದ ಮೇಲೆ ಅವಳು ಕದ ತೆಗೆದು, ಮಿಕ್ಕ ಚಹಾ ನನ್ನ ಕೈಗೆ ಕೊಟ್ಟು, ಆ ಹೆಂಗಸು ಹೇಗೆ ಸೊಂಟದ ಮೇಲೆ ಕೈ ಇಟ್ಟು ಗೋಡೆ ನೋಡಿದಳೆಂದು ಆಡಿ ತೋರಿಸಿದಳು. ಬೇರೆ ಯಾರಾದರೂ ಆಡಿದ್ದರೆ ನಾನು ನಗುತ್ತಿದ್ದೆ. ಅವಳು ನನ್ನ ಕೆಲಸದ ಹೊಗಳಿಕೆಯನ್ನು ನನಗೆ ತಿರುಗಿಸಿ ಕೊಡುವಳೆಂದು ಕಾದೆ. ಅದು ಅವಳಿಗೆ ಹೊಳೆಯಲೇ ಇಲ್ಲ.

ಆಮೇಲೆ ಕೆಲವು ದಿನ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಅವಳು ಬೇಕೆಂದೇ ಬಾವಿ ದೂರ ಎಂದು ಆಡಿರಬೇಕು, ಮನೆ ತನಗೇ ಬೀಳಲಿ ಎಂದು ಗಿರಾಕಿಗಳನ್ನು ಓಡಿಸುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡೆ. ಕದದ ಹಿಂದೆ ಕೂತು ಎಲ್ಲ ಮಾತನ್ನೂ ಕೇಳಿದ್ದೆನಲ್ಲ, ಅವಳು ಹಾಗೆ ಅಂದಿರಲಿಲ್ಲ. ಆದರೂ ಕಟ್ಟಿಕೊಂಡೆ.

ಮೂರನೆಯ ಸಲ ಬಂದವರು ಭಂಕೂರಿನಿಂದ. ತಾಂಡೂರು ಕಡೆಯ ಗಂಡ ಹೆಂಡತಿ, ಹೊಸದಾಗಿ ಬಂದು ಅಲ್ಲಿ ಕಲ್ಲಿನ ವ್ಯಾಪಾರ ಹಿಡಿದವರು. ಅವರು ಬರುವರೆಂದು ಮೈದುನ ಎರಡು ದಿನ ಮುಂಚೆಯೇ ಹೇಳಿದ್ದ. ಈ ಸಲ ನಾನು ಪಾತ್ರೆ ಮುಟ್ಟಲಿಲ್ಲ, ನೆಲ ಒರೆಸಲಿಲ್ಲ. ತಲೆನೋವು ಎಂದೆ. ಅವಳೇ ಒಡತಿಯಾದರೆ ಅವಳೇ ತಿಕ್ಕಿಕೊಳ್ಳಲಿ. ಅವಳು ಏನೂ ಅನ್ನದೆ ಇಳಕಲ್ ಸೀರೆಯ ನೆರಿಗೆ ಎತ್ತಿ ಕಟ್ಟಿ ಕಸ ಗುಡಿಸಿದಳು, ಅಷ್ಟರಲ್ಲಿ ಅವರು ಬಂದೇ ಬಿಟ್ಟರು. ಒರೆಸಲು ಹೊತ್ತು ಸಿಗಲಿಲ್ಲ, ನಾನು ಹಿಂದಿನ ಖೋಲಿ ಸೇರಿ ಕದ ಮುಚ್ಚಿಕೊಂಡೆ. ನೆಲ ಬೂದಿಯಾಗಿ ಬಿದ್ದಿತ್ತು. ನನಗೆ ಒಳಗೊಳಗೇ ಖುಷಿಯಾಯಿತು.

ಆದರೆ ಆತ ಗೋಡೆಯ ಮಾತೂ ಎತ್ತಲಿಲ್ಲ, ಮಾಳಿಗೆಯ ಮಾತೂ ಎತ್ತಲಿಲ್ಲ. ನಡುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ನೆಲ ಸವರಿದ ಸಪ್ಪಳ ಕೇಳಿಸಿತು. ಫರಸಿಯನ್ನು ಒಣಗಿದಾಗಲೇ ನೋಡಬೇಕು, ಒದ್ದೆ ಮಾಡಿ ತೋರಿಸುವವರನ್ನು ತಾನು ನಂಬುವುದಿಲ್ಲ ಎಂದು ಹೆಂಡತಿಗೆ ಹೇಳಿದ. ಆಮೇಲೆ ನೆಗೆಣ್ಣಿಯ ಕಡೆ ತಿರುಗಿ ಕೇಳಿದ:

"ಒಂದರ ಅಳತಿ ಇನ್ನೊಂದಕ್ಕಿಲ್ಲ, ಆದ್ರೂ ಸಂದಿನಾಗ ಸೂಜಿ ಹೋಗಂಗಿಲ್ಲ. ಯಾರವ್ವಾ ಇದನ್ನ ಹಾಕಿದವರು?"

ಮನೆ ಅವಳ ಗಂಡನದು ಎಂದಾಗಿತ್ತು, ಅವನೋ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಏನಾದರೂ ಹೇಳಬೇಕಲ್ಲ ಎಂದು, "ಗೌಂಡಿ ಮಂದಿನ್ನ ಕರಿಸಿ ಹಾಕಿಸಿದ್ದ್ರಿ. ಯಾರೋ ಏನೋ, ಈಗ ನೆನಪಿಲ್ಲ" ಎಂದಳು.

ನಾನು ಎದ್ದದ್ದು ನನಗೆ ನೆನಪಿಲ್ಲ. ಕದ ತೆರೆದು ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ತಲೆಯ ಮೇಲೆ ಸೆರಗೂ ಇರಲಿಲ್ಲ.

"ಮಂದಿ ಹಾಕಿದ್ದಲ್ಲ" ಎಂದೆ. "ನನ್ನ ಗಂಡ ಹಾಕಿದ್ದು. ಮನಿ ನಂದು."

ಬಂದವನ ಹೆಂಡತಿ ನನ್ನ ಹಣೆ ನೋಡಿದಳು, ಕೈ ನೋಡಿದಳು. ನೆಗೆಣ್ಣಿಯ ಮುಖ ಗೋಡೆಯ ಸುಣ್ಣದಂತಾಯಿತು. ನಾನು ಸತ್ಯಕ್ಕಾಗಿ ಬಾಯಿ ತೆರೆದೆ ಎಂದು ನೀವು ತಿಳಿಯಬೇಡಿ. ಸತ್ಯ ಬೇಕಾಗಿದ್ದರೆ ಮೈದುನ ಏರ್ಪಾಡು ಮಾಡಿದ ದಿನವೇ ತೆರೆಯುತ್ತಿದ್ದೆ. ನನ್ನ ಮನೆಯಲ್ಲಿ ನಿಂತು ನನ್ನ ಗಂಡನನ್ನು ಮರೆತಂತೆ ಮಾತಾಡಿದವಳ ಮುಖ ಬಾಡಲಿ ಎಂದು ತೆರೆದೆ. ಬಾಡಿತು.

ಆತ ಎದ್ದು ಧೋತರ ಕೊಡವಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಮನಿ ಛಲೋ ಅದ ತಾಯಿ. ಗಂಡ ಇಲ್ಲದಾಕಿ ಮನಿ ಅಂತ ನಾ ಬಿಡ್ಲಿಕತ್ತಿಲ್ಲ. ಮನಿ ಯಾರದು ಅನ್ನೋದನ್ನೇ ಮುಚ್ಚಿದವರು ಕಾಗದದಾಗ ಏನೇನು ಮುಚ್ಚ್ಯಾರೋ, ನನಗೇನು ಗೊತ್ತು?"

ಮೈದುನ ಓಣಿಯ ತುದಿಯವರೆಗೂ ಬೆನ್ನು ಹತ್ತಿ ಹೋಗಿ ತಿಳಿಸಿ ಹೇಳಿದ. ಅವರು ತಿರುಗಿ ಬರಲಿಲ್ಲ. ನನ್ನ ಮನೆಯನ್ನು ಅದರ ನೆಲಕ್ಕಾಗಿಯೇ ಮೆಚ್ಚಿ ಕೇಳಿದ ಒಬ್ಬನೇ ಒಬ್ಬ ಗಿರಾಕಿ ಅವನು. ಮೊದಲ ದಿನದಿಂದ ಖರೆ ಹೇಳಿದ್ದರೆ, ಇಲ್ಲವೇ ಕೊನೆಯವರೆಗೂ ನಾನು ಸುಮ್ಮನಿದ್ದಿದ್ದರೆ, ಮನೆ ಅವನದಾಗುತ್ತಿತ್ತು. ಎರಡೂ ನನ್ನಿಂದ ಆಗಲಿಲ್ಲ.

ಮಾತು ಊರಲ್ಲಿ ಹಬ್ಬಿತು. ಆಮೇಲೆ ನೋಡಲು ಯಾರೂ ಬರಲಿಲ್ಲ. ಮಳೆಗಾಲ ಹಿಡಿದು ಮಿರಗದ ಮಳೆ ಶುರುವಾದ ವಾರ ಚಿತ್ತಾಪುರದ ನೋಂದಣಿ ಕಚೇರಿಗೆ ಹೋಗಿ, ನಾನು ಹಳ್ಳಿ ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಹೆಸರು ಬರೆದು, ಮನೆಯನ್ನು ಮೈದುನನಿಗೆ ಕೊಟ್ಟೆ. ನ್ಯಾಯವಾದ ಬೆಲೆಯನ್ನೇ ಕೊಟ್ಟ, ಅದರಲ್ಲಿ ಮಾತಿಲ್ಲ.

ಸೇಡಂಗೆ ಹೊರಡುವ ದಿನ ಸಾಮಾನು ಬಂಡಿಗೆ ಏರಿತ್ತು. ನೆಗೆಣ್ಣಿ ಬಂದು ಖಾಲಿ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತಳು. ಆ ದಿನದಿಂದ ನಾವು ಮಾತಾಡಿರಲಿಲ್ಲ. ಬೈಯುವಳೆಂದು ನಾನು ಸೆರಗು ಬಿಗಿಹಿಡಿದು ನಿಂತೆ. ಅವಳು ನೆಲ ನೋಡುತ್ತಾ ಹೇಳಿದಳು:

"ಯಕ್ಕಾ, ಹನ್ನೊಂದು ವರ್ಷ ಬಾಡಿಗಿ ಮನ್ಯಾಗ ಇದ್ದೀನಿ. ಲಗ್ನಾಗಿ ಬಂದಾಗಿಂದ ಈ ಮನಿ ಮ್ಯಾಲ ನನಗ ಆಸೆ ಇತ್ತು. ಆದ್ರೂ ಬಂದ ಮಂದಿಗೆಲ್ಲ ಛಲೋ ಅದ, ತಗೋರಿ ಅಂತ ಬಾಯಿತುಂಬ ಹೇಳೀನಿ. ಹೇಳಿ ಮನಿಗಿ ಹೋಗಿ ಅತ್ತೀನಿ. ನಿನಗ ಅದು ತಿಳೀಲಿಲ್ಲ ನೋಡು."

ಬಂಡಿಯವನು ಕರೆಯುತ್ತಿದ್ದ, ಹೋದೆ. ದಾರಿಯುದ್ದಕ್ಕೂ ಅವಳ ಮೇಲಿನ ಉರಿ ಕಡಿಮೆಯಾಗುವುದೆಂದು ಕಾದೆ. ಆಗಲಿಲ್ಲ. ಅದುವರೆಗೆ ಅವಳ ಗಂಡ, ಅವಳ ಬಳೆ, ಅವಳ ಮಾತುಗಾರಿಕೆ ಕಂಡು ಉರಿಯುತ್ತಿದ್ದೆ. ಆಸೆಪಟ್ಟ ವಸ್ತುವನ್ನು ಇನ್ನೊಬ್ಬರಿಗೆ ಹೊಗಳಿ ತೋರಿಸುವ ಮನಸ್ಸೂ ಅವಳಿಗೇ ಇತ್ತು. ಈಗ ಅದೂ ಸೇರಿತು.

ಆ ಮನೆಗೆ ಹೋದಾಗಲೆಲ್ಲ ನಾನು ಹೊರಗಿನ ಕಟ್ಟೆಯ ಮೇಲೇ ಕೂರುತ್ತೇನೆ, ಮೆಟ್ಟಿಲು ಹತ್ತಲು ಮೊಣಕಾಲು ನೋವು ಎನ್ನುತ್ತೇನೆ. ನೀವು ಒಳಗಿನಿಂದ ಚಹಾ ತಂದು ಕೊಡುತ್ತೀರಿ. ಮೊಣಕಾಲು ನೋವು ಶುರುವಾದದ್ದು ಈಗ ನಾಲ್ಕು ವರ್ಷದಿಂದ ಈಚೆಗೆ. ಅದಕ್ಕೂ ಮೊದಲು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದ್ದು ಈ ಉರಿಯೇ.